ಮಗುಚಲೊಲ್ಲದ ಎಡಗೈ

"ಎಡಗೈ ತಾನೆ? ಹೆಬ್ಬೆರಳು ಮೇಲೆ ಬರುವಷ್ಟು ತಿರುಗುತ್ತಲ್ಲ, ಸಾಕು. ಊಟ ಹೇಗಿದ್ದರೂ ಬಲಗೈಲಿ. ಎರಡು ಎಕ್ಸರ್‌ಸೈಜ್ ಹೇಳಿಕೊಟ್ಟು ಕಳಿಸಿಬಿಡಿ" ಎಂದು ನಮ್ಮ ಮೂಳೆ ಡಾಕ್ಟರು ಫಿಸಿಯೋಥೆರಪಿಸ್ಟ್ ಆದ ನನಗೆ ಹೇಳಿದಾಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವರು ಕೆಟ್ಟವರಲ್ಲ. ಹೊರಗೆ ಬೆಂಚು ತುಂಬಿ, ಗೋಡೆಗೆ ಒರಗಿ, ಮೆಟ್ಟಿಲ ಮೇಲೂ ಕೂತು ಜನ ಕಾಯುತ್ತಿದ್ದರು. ಗುಂಡ್ಲುಪೇಟೆಯ ಆ ಆಸ್ಪತ್ರೆಗೆ ಸುತ್ತಲ ಹಳ್ಳಿಗಳ ಮುರಿದ ಕೈಕಾಲುಗಳೆಲ್ಲ ಬರುತ್ತವೆ, ಸಾಲದ್ದಕ್ಕೆ ಹೈವೇಯಲ್ಲಿ ಬಿದ್ದ ಕೇರಳದವರೂ ಬರುತ್ತಾರೆ. ಒಬ್ಬ ಮನುಷ್ಯ ಎಷ್ಟು ಎಲುಬು ನೋಡಬಲ್ಲ? ಆದರೂ "ಎಡಗೈ ತಾನೆ" ಎಂಬ ಮಾತು ನನಗೆ ಚುಚ್ಚಿತು.

ನನಗಿಂತ ಮೊದಲು ಅದು ಚುಚ್ಚಿದ್ದು ಆ ಕೈಯ ಒಡತಿಗೆ. ಹಂಗಳದ ಹೆಂಗಸು, ಐವತ್ತರ ಆಸುಪಾಸು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಚೆಂಡುಹೂವು ಬಿಡಿಸಿ ಬಿಡಿಸಿ ಕರೆಗಟ್ಟಿದ ಉಗುರು. ಡಾಕ್ಟರ ಮಾತು ಮುಗಿಯುವ ಮೊದಲೇ ಆಕೆ ಕುರ್ಚಿಯಲ್ಲಿ ನೆಟ್ಟಗಾದಳು.

"ಸಾಕು ಅನ್ನಕ್ಕೆ ಕೈ ನಿಮ್ದಾ, ನಂದಾ?"

ಡಾಕ್ಟರು ನಕ್ಕರು. "ನಿಮ್ಮದೇ ಅಮ್ಮ. ಏನು ಮಾಡಬೇಕು ಈ ಕೈಯಿಂದ, ಹೇಳಿ."

"ಅಂಗೈ ಮ್ಯಾಕಾಗ್ಬೇಕು. ಲಿಂಗ ಇಟ್ಕಂಡು ಪೂಜೆ ಮಾಡ್ಬೇಕು ನಾನು."

"ಬಲಗೈಲಿ ಇಟ್ಕೊಳ್ಳಿ."

"ಬಲಗೈಲಿ ಇಟ್ಕಂಡ್ರೆ ಈಬೂತಿ ಯಾವ್ ಕೈಲಿ ಆಕ್ಲಿ? ಊವ ಯಾವ್ ಕೈಲಿ ಏರ್ಸಲಿ? ನಿಮ್ಮ ಕೈ ಕೊಡ್ತೀರಾ ದಿನಾ ಬೆಳಿಗ್ಗೆ?"

ನಾನು ಮೂಲೆಯಲ್ಲಿ ನಿಂತು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ಬಲಗೈಯಿಂದ ನೀರು, ವಿಭೂತಿ, ಹೂವು ಅರ್ಪಿಸಿ, ಅದನ್ನೇ ದಿಟ್ಟಿಸುತ್ತ ಕೂರುವುದು ಅವರ ಪೂಜೆ. ನಾನು ಆ ಜನದವಳಲ್ಲ. ಆದರೆ ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಡಾಕ್ಟರು ಬೇರೆ ಕಡೆಯವರು. ನಾವು ಓದಿದ ಪುಸ್ತಕಗಳಲ್ಲಿ ಎಡ ಅಂಗೈ ಪೂರ್ತಿ ಆಕಾಶ ನೋಡಬೇಕಾದ ಕೆಲಸ ಒಂದೂ ಇಲ್ಲ, ಹಾಗಾಗಿ ಅವರ ಲೆಕ್ಕದಲ್ಲಿ ಅದು ಬೇಕಾಗಿಯೂ ಇರಲಿಲ್ಲ.

"ಸರ್, ನನಗೆ ಬಿಡಿ. ನಾನು ನೋಡ್ಕೋತೀನಿ" ಎಂದೆ.

"ನಿಮ್ಮಿಷ್ಟ. ಎಲ್ಲರಿಗೂ ಕೊಡೋ ಟೈಮನ್ನೇ ಕೊಡಿ, ಹೆಚ್ಚಿಗೆ ಇಲ್ಲ."

ಆಕೆಯನ್ನು ನನ್ನ ಕೋಣೆಗೆ ಕರೆದುಕೊಂಡು ಬಂದೆ. ಕೋಣೆ ಎಂದರೆ ಎರಡು ಮಂಚ, ಒಂದು ಮೇಣದ ಪಾತ್ರೆ, ಗೋಡೆಗೆ ಬಡಿದ ಒಂದು ಚಕ್ರ. ಕೈ ಹೇಗೆ ಹೀಗಾಯಿತು ಎಂದು ಕೇಳಿದೆ. ಗಂಡನ ಬೈಕಿನ ಹಿಂದೆ ಕೂತು ಬರುವಾಗ ಕಾಡುಹಂದಿ ಅಡ್ಡ ನುಗ್ಗಿ ಇಬ್ಬರೂ ಬಿದ್ದಿದ್ದರು. ಗಂಡನಿಗೆ ಮಂಡಿ ತರಚಿತು, ಈಕೆಗೆ ಮುಂಗೈ ಮುರಿಯಿತು. ಆಸ್ಪತ್ರೆಗೆ ಬರಲಿಲ್ಲ, ನಾಟಿ ಕಟ್ಟಿಗೆ ಹೋದರು. ಮೊಟ್ಟೆ ಮುಟ್ಟದ ಮನೆಯಾದ್ದರಿಂದ ಮೊಟ್ಟೆಯ ಲೋಳೆಯ ಬದಲು ಉದ್ದಿನ ಹಿಟ್ಟು, ಸೊಪ್ಪು ಅರೆದು ಮೆತ್ತಿ, ಬಿದಿರಿನ ದಬ್ಬೆ ಇಟ್ಟು, ಕೈಯನ್ನು ಮರದ ಪಟ್ಟಿಯ ಮೇಲೆ ಅಂಗೈ ಕೆಳಗೆ ಮಾಡಿ ಚಾಚಿ ಕಟ್ಟಿದ್ದರು. ಕಟ್ಟಿದವನ ಕೈಚಳಕದ ಬಗ್ಗೆ ನನ್ನದೇನೂ ತಕರಾರಿಲ್ಲ, ಮೂಳೆ ಕೂಡಿತ್ತು. ಆದರೆ ಅಂಗೈ ಕವುಚಿ ಕಟ್ಟಿ, ಹೂವಿನ ಕೊಯ್ಲು ಮುಗಿಯಲಿ ಎಂದು ಅದನ್ನು ಬಿಚ್ಚದೆ ತಿಂಗಳುಗಟ್ಟಲೆ ಬಿಟ್ಟರೆ, ಕೈ ಕವುಚಿಯೇ ಉಳಿಯುತ್ತದೆ. ಅದು ಅದಕ್ಕೆ ಗೊತ್ತಿರುವ ನಿಯಮ.

ನಿಯಮ ಏನೆಂದು ತಿಳಿಯಬೇಕಾದರೆ ನಿಮ್ಮ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಅಂಗೈಯನ್ನು ಮೇಲೆ ಮಾಡಿ, ಕೆಳಗೆ ಮಾಡಿ ನೋಡಿ. ಮೊಣಕೈ ಬಾಗಿಲಿನ ಕೀಲಿನ ಹಾಗೆ ಮಡಚುವುದು, ಚಾಚುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಮಣಿಕಟ್ಟು ಬಾಗುತ್ತದೆ, ಗಿರಕಿ ಹೊಡೆಯುವುದಿಲ್ಲ. ಹಾಗಿದ್ದರೆ ಅಂಗೈ ಮಗುಚುವುದು ಎಲ್ಲಿಂದ? ಮುಂಗೈಯಲ್ಲಿ ಎರಡು ಮೂಳೆಗಳಿವೆ. ಕಿರುಬೆರಳ ಕಡೆಯದು ಅಲುಗಾಡದೆ ಕೂತಿರುತ್ತದೆ. ಹೆಬ್ಬೆರಳ ಕಡೆಯದು ಅದರ ಸುತ್ತ ಉರುಳುತ್ತದೆ. ಅಂಗೈ ಮೇಲಿದ್ದಾಗ ಎರಡೂ ಅಕ್ಕಪಕ್ಕ ನೆಟ್ಟಗೆ ಮಲಗಿರುತ್ತವೆ, ಕವುಚಿದಾಗ ಒಂದರ ಮೇಲೆ ಒಂದು ಅಡ್ಡ ಬೀಳುತ್ತದೆ. ಉರುಳುವ ಮೂಳೆಯ ಮೇಲಿನ ತುದಿ ಮೊಣಕೈ ಹತ್ತಿರ ಒಂದು ನಾರಿನ ಬಳೆಯೊಳಗೆ ತಿರುಗುತ್ತದೆ, ಕೆಳತುದಿ ಮಣಿಕಟ್ಟಿನ ಹತ್ತಿರ ಜಾರುತ್ತದೆ. ಎರಡು ಮೂಳೆಗಳ ನಡುವೆ ಉದ್ದಕ್ಕೂ ಒಂದು ಗಟ್ಟಿ ಪೊರೆ. ಬಳೆ, ಜಾರುವ ತುದಿ, ಪೊರೆ ಮೂರೂ ಒಪ್ಪಿದರೆ ಮಾತ್ರ ಅಂಗೈ ಮೇಲಾಗುತ್ತದೆ. ಯಾವುದಾದರೂ ಒಂದು ಮುನಿಸಿಕೊಂಡರೂ ಇಲ್ಲ.

ಆಕೆಯ ಕೈಯನ್ನು ನನ್ನ ಕೈಯಲ್ಲಿ ಹಿಡಿದು ನಿಧಾನ ತಿರುಗಿಸಿದೆ. ಈ ಕೆಲಸದಲ್ಲಿ ಮುಖ್ಯವಾದದ್ದು ಕೈ ಎಲ್ಲಿಗೆ ನಿಲ್ಲುತ್ತದೆ ಎಂಬುದಲ್ಲ, ಹೇಗೆ ನಿಲ್ಲುತ್ತದೆ ಎಂಬುದು. ಮೂಳೆಗೆ ಮೂಳೆ ತಾಗಿ ನಿಂತರೆ ಗೋಡೆ ಮುಟ್ಟಿದ ಹಾಗಿರುತ್ತದೆ, ಅಲ್ಲಿ ನನ್ನಂಥವರ ಕೆಲಸ ಇಲ್ಲ. ನಾರು ಬಿಗಿದು ನಿಂತರೆ ಚರ್ಮದ ಬೆಲ್ಟ್ ಎಳೆದ ಹಾಗೆ ಚೂರು ಬಿಟ್ಟುಕೊಡುತ್ತದೆ. ಈ ಕೈ ಬಿಟ್ಟುಕೊಟ್ಟಿತು. ನನಗೆ ಒಳಗೊಳಗೇ ಖುಷಿಯಾಯಿತು.

"ಆಯ್ತದಾ?" ಎಂದಳು.

"ಪ್ರಯತ್ನ ಮಾಡೋಣ."

"ಪ್ರಯತ್ನ ಗಿಯತ್ನ ಬುಡಿ. ಆಯ್ತದಾ ಇಲ್ವಾ?"

"ದೇವರ ಕೆಲಸ, ಆಗುತ್ತೆ ಬಿಡಿ" ಎಂದು ಸಮಾಧಾನಕ್ಕೆ ಹೇಳಿದೆ. ಆಕೆ ಬಾಗಿಲ ಕಡೆ ನೋಡಿದಳು. ಗಂಡ ಹೊರಗೆ ಬೆಂಚಿನ ಮೇಲೆ ಕೂತು ಫೋನು ನೋಡುತ್ತಿದ್ದ. ದನಿ ತಗ್ಗಿಸಿ ಹೇಳಿದಳು:

"ದೇವ್ರು ಎಲ್ಲಾದ್ರೂ ಇರ್ತಾನೆ ಮೇಡಂ. ಅಯ್ನೋರು ಬಂದು ಪೀಠದ ಮ್ಯಾಲೆ ಮಡಗಿ ಪೂಜೆ ಮಾಡವ್ವ, ತಪ್ಪಿಲ್ಲ ಅಂದ್ರು. ಒಸಿ ದಿನ ಮಾಡ್ದೆ, ಮನ್ಸು ಒಪ್ನಿಲ್ಲ. ಯಾಕ್ ಗೊತ್ತಾ? ಬೆಳಿಗ್ಗೆ ಲಿಂಗ ಕೈಯಾಗ್ ಇಟ್ಕಂಡ್ ಕೂತ್ರೆ ಅರ್ಧ ಗಂಟೆ ನನ್ನ ಯಾರೂ ಏಳಿಸಂಗಿಲ್ಲ. ಕೂಗುದ್ರೂ ನಾನು ಓ ಅನ್ನಂಗಿಲ್ಲ. ಮದ್ವೆ ಆಗಿ ಬಂದಾಗ್ನಿಂದ ಆ ಮನೇಲಿ ನಂದು ಅನ್ನೋದು ಅದೊಂದೇಯ. ಈಗ ಕೈ ಮುರುದ್ಮೇಲೆ ಅದೂ ಓಯ್ತು. ಪೀಠದ ಮುಂದೆ ಕೂತಿದ್ರೆ, 'ಬಾಮ್ಮಿ, ಅದು ಅಲ್ಲೇ ಇರ್ತದೆ, ಒಸಿ ಒಲೆ ನೋಡು ಬಾ' ಅಂತಾರೆ ಅತ್ತೆ. ಕೈಯಾಗಿದ್ರೆ ಅನ್ನಕ್ಕಾಯ್ತಿತ್ತಾ?"

ಸಂಜೆ ಮನೆಗೆ ಮರಳಲು ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಕೂತಾಗ ತೆರಕಣಾಂಬಿ ದಾಟುವವರೆಗೂ ಆ ಅರ್ಧ ಗಂಟೆಯೇ ತಲೆಯಲ್ಲಿತ್ತು. ನನ್ನ ಮನೆಯಲ್ಲಿ ನನಗೆ ಅಂಥದ್ದೊಂದು ಅರ್ಧ ಗಂಟೆ ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಅಂದಿನಿಂದ ಅದು ನನಗೆ ಬರೀ ಒಂದು ಕೈ ಆಗಿ ಉಳಿಯಲಿಲ್ಲ, ಹಠವಾಯಿತು.

ಕೆಲಸ ಶುರುವಾಯಿತು. ಮೊದಲು ಕರಗಿಸಿದ ಮೇಣದಲ್ಲಿ ಮುಂಗೈ ಅದ್ದಿ ಬಿಸಿ. ಆಮೇಲೆ ಮಣಿಕಟ್ಟಿನ ಹತ್ತಿರ ಎರಡು ಮೂಳೆಗಳ ತುದಿಯನ್ನು ಬೇರೆಬೇರೆಯಾಗಿ ಹಿಡಿದು ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮೆಲ್ಲಗೆ ಜಾರಿಸುವುದು. ಆಮೇಲೆ ಆಕೆ ತನ್ನ ಬಲದಿಂದ ಅಂಗೈ ಕೆಳಗೆ ಒತ್ತಬೇಕು, ನಾನು ತಡೆಯಬೇಕು, ಆಕೆ ಸಡಿಲ ಬಿಟ್ಟ ಕೂಡಲೇ ಸಿಕ್ಕಷ್ಟು ಮೇಲಕ್ಕೆ ತಿರುಗಿಸಬೇಕು. ಕೊನೆಗೆ ಸುತ್ತಿಗೆ. ಹಿಡಿಯ ತುದಿಯಲ್ಲಿ ಹಿಡಿದುಕೊಂಡರೆ ಸುತ್ತಿಗೆಯ ತಲೆಯ ಭಾರವೇ ಕೈಯನ್ನು ಹೊರಕ್ಕೆ ಮಗುಚುತ್ತದೆ. ಇಷ್ಟೂ ಹೊತ್ತು ಮೊಣಕೈ ಪಕ್ಕೆ ಬಿಟ್ಟು ಕದಲಬಾರದು. ಕದಲಿದರೆ ಭುಜ ಕಳ್ಳಾಟ ಆಡುತ್ತದೆ, ಮುಂಗೈ ತಿರುಗದಿದ್ದರೂ ತಿರುಗಿದ ಹಾಗೆ ಕಾಣುತ್ತದೆ. ಅದಕ್ಕೇ ಪಕ್ಕೆಗೂ ತೋಳಿಗೂ ನಡುವೆ ಒಂದು ಟವೆಲ್ ಸುರುಳಿ ಸಿಕ್ಕಿಸಿ, "ಇದು ಬೀಳಬಾರದು" ಎಂದು ತಾಕೀತು ಮಾಡಿದ್ದೆ.

ಆಕೆ ಪ್ರತಿ ಸಲ ಬೀಳಿಸುತ್ತಿದ್ದಳು.

"ಅಮ್ಮಾ, ಟವೆಲ್!"

"ನಿಮ್ಗೆ ಟವಲ್ ಮುಖ್ಯನಾ, ನನ್ನ ಕೈ ಮುಖ್ಯನಾ?"

"ಸದ್ಯಕ್ಕೆ ಟವೆಲ್."

"ಇವ್ಳೊಬ್ಳು ಪೋಲೀಸು" ಎಂದು ಪಕ್ಕದ ಮಂಚದ ಮುದುಕನಿಗೆ ದೂರು ಹೇಳುತ್ತಿದ್ದಳು. ಮುದುಕ ತನ್ನ ಮುರಿದ ಕಾಲಿನ ನೋವು ಮರೆತು ನಗುತ್ತಿದ್ದ. ಬೈಯುತ್ತಲೇ ಬಂದಳು, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಹೂವಿನ ಲೋಡು ರಾತ್ರಿ ಕಾಡಿನ ಗೇಟು ಮುಚ್ಚುವ ಮುಂಚೆ ಬಂಡೀಪುರ ದಾಟಬೇಕಾದ ದಿನಗಳಲ್ಲೂ, ಮೂಟೆ ತುಂಬಿಸಿ ಲಾರಿ ಕಳಿಸಿ, ಮೈಯೆಲ್ಲ ಚೆಂಡುಹೂವಿನ ಗಾಟು ಹೊಡೆಯುತ್ತ ಬಂದು ಕೂರುತ್ತಿದ್ದಳು. ಕೈ ದಿನದಿನಕ್ಕೂ ಇಷ್ಟಿಷ್ಟೇ ತೆರೆಯಿತು. ಮುಷ್ಟಿಯಲ್ಲಿ ಪೆನ್ನು ಹಿಡಿಸಿ ಅದು ಎಷ್ಟು ವಾಲಿತು ಎಂದು ಅಳೆಯುತ್ತಿದ್ದೆ. ನೆಟ್ಟಗಿದ್ದ ಪೆನ್ನು ಅರ್ಧ ವಾಲುವಷ್ಟಾದಾಗ ಡಾಕ್ಟರನ್ನು ಕರೆದು ತೋರಿಸಿದೆ. "ಪರವಾಗಿಲ್ಲವೇ!" ಎಂದರು. ಬೀಗಿದೆ.

ಮಾರನೆಯ ವಾರ ಆಕೆ ಬಂದಾಗ ಕೈ ಊದಿತ್ತು. ಮುಟ್ಟಿದರೆ ಬಿಸಿ. ಪೆನ್ನು ಹಿಡಿಸಿದೆ, ಮತ್ತೆ ನೆಟ್ಟಗೆ ನಿಂತಿತು. ಅಷ್ಟು ದಿನದ ಕೆಲಸ ಪೂರ್ತಿ ಮಣ್ಣುಪಾಲು.

"ಏನು ಮಾಡಿದ್ರಿ?"

ಆಕೆ ಮುಖ ತಿರುಗಿಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಗಂಡ ಕೆಮ್ಮಿದ. ಮೆತ್ತನೆಯ ಮನುಷ್ಯ, ಹೆಂಡತಿಯ ಮುಂದೆ ಮಾತು ಕಡಿಮೆ.

"ನಾನೇಯ ಮೇಡಂ. ನೀವು ತಿರುಗ್ಸದ ನೋಡಿದ್ನಲ್ಲ, ಮನೇಲೂ ಒಸಿ ತಿರುಗ್ಸನ ಅಂದ್ಬುಟ್ಟು ಅಳ್ಳೆಣ್ಣೆ ಬಿಸಿ ಮಾಡಿ ಉಜ್ಜಿ..."

"ಉಜ್ಜಿ?"

"ಮಣಿಕಟ್ಟು ಇಡ್ಕಂಡು ಒಂದೇ ಏಟ್ಗೆ ತಿರುವ್ಬುಟ್ಟೆ. ಲಟಕ್ ಅಂತು. ಬುಟ್ಕತು ಅನ್ಕಂಡೆ."

"ಟ್ರ್ಯಾಕ್ಟರ್ ನಟ್ಟು ಅಂದ್ಕೊಂಡ್ರಾ ಅದನ್ನ?" ಎಂದು ನಾನು ಕಿರುಚಿದೆ. ಕೋಣೆಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. "ಮಣಿಕಟ್ಟು ಹಿಡಿದು ತಿರುವಿದರೆ ಮುಂಗೈ ತಿರುಗಲ್ಲ, ಮಣಿಕಟ್ಟಿನ ನಾರು ಹರಿಯುತ್ತೆ! ಬಿಗಿದದ್ದನ್ನ ಎಳೆದರೆ ಅದು ಹೆದರಿ ಇನ್ನೂ ಬಿಗಿಯುತ್ತೆ. ಎಣ್ಣೆ ಹಚ್ಚಿ ಉಜ್ಜಿ ಉಜ್ಜಿಯೇ ಈ ಸೀಮೆಯ ಅರ್ಧ ಜನ ಕೈ ಕಳಕೊಂಡಿದ್ದಾರೆ!"

ಆತ ತಲೆ ತಗ್ಗಿಸಿದ. ಆಗ ಹೆಂಡತಿ ಎದ್ದಳು. "ಅವ್ನಿಗ್ ಬಯ್ಬ್ಯಾಡಿ. ನಾನೇ ಮಾಡು ಅಂದಿದ್ದು. ನಂಗೆ ತಡ್ಯಕ್ಕಾಗ್ನಿಲ್ಲ." ಉಳಿದದ್ದನ್ನೂ ಹೇಳಿದಳು. ಕೈ ಅರ್ಧ ತೆರೆದಿದೆ ಎಂಬ ಧೈರ್ಯದ ಮೇಲೆ ಆಕೆ ಲಿಂಗವನ್ನು ಅಂಗೈಯಲ್ಲಿ ಇಟ್ಟು ನೋಡಿದ್ದಳು. ಅದು ಕಿರುಬೆರಳ ಕಡೆಗೆ ಜಾರಿ ಮಡಿಲಿಗೆ ಬಿತ್ತು. ನೆಲಕ್ಕಲ್ಲ, ಮಡಿಲಿಗೆ. ಆದರೂ ಇಡೀ ದಿನ ಅನ್ನ ಮುಟ್ಟಿರಲಿಲ್ಲ. ಸಂಜೆ ಗಂಡನ ಮುಂದೆ ಕೈ ಚಾಚಿ, ಮುರಿದರೂ ಚಿಂತೆಯಿಲ್ಲ, ತಿರುಗಿಸು ಎಂದಿದ್ದಳು.

ಐಸ್ ಇಟ್ಟೆ. ಊತ ಇಳಿಯುವವರೆಗೂ ಏನೂ ಮಾಡಬಾರದು ಎಂದೆ. ಡಾಕ್ಟರು ಮತ್ತೆ ಎಕ್ಸ್‌ರೇ ತೆಗೆಸಿ, ದೀಪದ ಮುಂದೆ ಹಿಡಿದು ನನ್ನನ್ನು ಕರೆದರು. ಹೊಸದೇನೂ ಮುರಿದಿರಲಿಲ್ಲ. ಆದರೆ ಅವರು ಬೆರಳಿಟ್ಟು ತೋರಿಸಿದ್ದು ಹಳೆಯ ಜಾಗವನ್ನು. ಉರುಳಬೇಕಾದ ಮೂಳೆ ಕೂಡಿಕೊಂಡ ಕಡೆ ಚೂರು ಬಾಗಿತ್ತು.

"ಮೊದಲು ಬಂದಿದ್ದಷ್ಟು ಮತ್ತೆ ಬರಬಹುದು, ಇನ್ನೂ ಸ್ವಲ್ಪ ಬರಬಹುದು. ಪೂರ್ತಿ ಬರಲ್ಲ. ಬಾಗಿದ ಮೂಳೆ ಒಂದು ಹಂತದಲ್ಲಿ ಪಕ್ಕದ್ದಕ್ಕೆ ತಾಗುತ್ತೆ. ಅದನ್ನ ಸರಿ ಮಾಡಬೇಕಂದರೆ ಮೈಸೂರಿಗೆ ಹೋಗಿ ಕತ್ತರಿಸಿ, ಪ್ಲೇಟ್ ಹಾಕಿಸಬೇಕು. ಈ ವಯಸ್ಸಿಗೆ, ಈ ಕೈಗೆ, ನಾನಾದರೆ ಮಾಡಿಸಲ್ಲ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ನನ್ನನ್ನು ಇನ್ನಷ್ಟು ರೇಗಿಸಿತು. ಆಕೆಗೆ ಹೇಳಿದಾಗ, "ಒಂದ್ಸಲಿ ಮುರ್ದಿದ್ದು ಸಾಲ್ದಾ? ದುಡ್ ಕೊಟ್ಟು ಇನ್ನೊಂದ್ಸಲಿ ಮುರಿಸ್ಕಳದಾ?" ಎಂದಳು. ಆಪರೇಷನ್ ಮಾತು ಅಲ್ಲಿಗೆ ಮುಗಿಯಿತು.

ಊತ ಇಳಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದೆವು. ಬಿಸಿ ಮಾಡಿದ ಪಿವಿಸಿ ಪೈಪಿನ ತುಂಡನ್ನು ಸೀಳಿ ಬಗ್ಗಿಸಿ ರಾತ್ರಿ ಕಟ್ಟಿಕೊಳ್ಳಲು ಒಂದು ಪಟ್ಟಿ ಮಾಡಿಕೊಟ್ಟೆ. ಜೋರಾಗಿ ಎಳೆಯುವುದಲ್ಲ, ಸಿಕ್ಕಷ್ಟನ್ನು ಹಿಡಿದಿಡುವುದು. ನಾರು ಗಂಟೆಗಟ್ಟಲೆ ಅದೇ ಉದ್ದದಲ್ಲಿದ್ದರೆ ತಾನೇ ಆ ಉದ್ದಕ್ಕೆ ಒಗ್ಗುತ್ತದೆ. ಪೈಪು ಅವರ ಹೊಲದ ಡ್ರಿಪ್‌ನದೇ, ಗಂಡ ತಂದುಕೊಟ್ಟದ್ದು. ತಾನು ಕೆಡಿಸಿದ್ದಕ್ಕೆ ಪ್ರಾಯಶ್ಚಿತ್ತ ಎಂಬಂತೆ ಮೂರು ಅಳತೆಯ ಪೈಪು ತಂದಿದ್ದ. ಕೈ ಕಳೆದುಕೊಂಡದ್ದನ್ನು ಗಳಿಸಿತು, ಅದರಾಚೆಗೂ ಒಂದಿಷ್ಟು ಹೋಯಿತು. ಆಮೇಲೆ ನಿಂತಿತು.

ಈ ಸಲ ನಿಂತದ್ದು ಗೋಡೆಯ ಹಾಗೆ. ನನ್ನ ಬೆರಳಿಗೆ ಅದು ಸ್ಪಷ್ಟ ಗೊತ್ತಾಯಿತು. ಆದರೂ ಒಪ್ಪದೆ ಎರಡು ವಾರ ಅದೇ ಜಾಗದಲ್ಲಿ ಗುದ್ದಾಡಿದೆ. ಅಂಗೈ ಮೇಲಾಗಿತ್ತು, ಆದರೆ ಇಳಿಜಾರು. ಲಿಂಗದ ಬದಲು ಒಂದು ನಿಂಬೆಹಣ್ಣು ಇಟ್ಟು ನೋಡುತ್ತಿದ್ದೆವು. ಪ್ರತಿ ಸಲ ಅದು ಕಿರುಬೆರಳ ಕಡೆಗೆ ಹೊರಳಿ, ಮಂಚದ ಕೆಳಗೆ ಹೋಗಿ ಸೇರುತ್ತಿತ್ತು. ಕೊನೆಗೊಂದು ದಿನ ಆಕೆ ಅದನ್ನು ಹೆಕ್ಕಲಿಲ್ಲ.

"ಸಾಕು ಬುಡಮ್ಮಿ. ನೀನೂ ಏಸೊಂದು ಮಾಡೀಯೆ."

ಆಕೆ ನನ್ನನ್ನು ಮನೆಮಗಳ ಹಾಗೆ 'ಅಮ್ಮಿ' ಎಂದದ್ದು ಅದೇ ಮೊದಲು. ಆದರೆ ಅದಕ್ಕಿಂತ ಹೆಚ್ಚು ನಾಟಿದ್ದು ಆಕೆಯ ಬಾಯಲ್ಲಿ ಬಂದ 'ಸಾಕು'. ಡಾಕ್ಟರ ಮೇಲೆ ಹರಿಹಾಯ್ದವಳು ಈಗ ಅದೇ ಮಾತು ಆಡುತ್ತಿದ್ದಳು. ನನಗೆ ಅಳು ಬಂತು, ಅಳಲಿಲ್ಲ.

"ನೀವು ಪೂಜೆಗೆ ಹೇಗೆ ಕೂರ್ತೀರಿ?" ಎಂದೆ.

"ಎಂಗೆ ಅಂದ್ರೆ? ನೆಲದ ಮ್ಯಾಲೆ."

ತಟ್ಟನೆ ಹೊಳೆಯಿತು. ಇಷ್ಟು ದಿನ ಆಕೆ ನನ್ನ ಕೋಣೆಯ ಕುರ್ಚಿಯಲ್ಲಿ, ನನ್ನ ಟವೆಲ್ ಸಿಕ್ಕಿಸಿಕೊಂಡು, ನನ್ನ ಅಳತೆಗೆ ಕೈ ತಿರುಗಿಸುತ್ತಿದ್ದಳು. ಆ ಕೈ ನಿಜವಾಗಿ ಕೆಲಸ ಮಾಡಬೇಕಾದ ಜಾಗವನ್ನು ನಾನು ನೋಡಿಯೇ ಇರಲಿಲ್ಲ. "ನಾಳೆ ಬೆಳಿಗ್ಗೆ ನಿಮ್ಮನೆಗೆ ಬರ್ತೀನಿ" ಎಂದೆ.

ಮಾರನೆಯ ದಿನ ಮೊದಲ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಬಂದು, ಅಲ್ಲಿಂದ ಹಂಗಳಕ್ಕೆ ಹೋದೆ. ಜಗಲಿಯಲ್ಲಿ ಅತ್ತೆ ಕೂತಿದ್ದರು. ತುಂಬ ವಯಸ್ಸಾದ, ಆದರೆ ಕಣ್ಣು ಚುರುಕಾಗಿದ್ದ ಹೆಂಗಸು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾವ್ ಜನ್ವವ್ವ ನೀನು?" ಎಂದು ನೇರ ಕೇಳಿದರು.

ಈ ಪ್ರಶ್ನೆಯನ್ನು ನಾನು ಬಗೆಬಗೆಯಲ್ಲಿ ತಪ್ಪಿಸಿಕೊಂಡಿದ್ದೇನೆ. ಅಂದು ತಪ್ಪಿಸಿಕೊಳ್ಳುವ ಮನಸ್ಸಾಗಲಿಲ್ಲ. "ಕೂಲಿಯೋರ ಕೇರಿಯವಳು ಅಜ್ಜಿ. ನಿಮ್ಮಂಥೋರ ಅರಿಶಿನದ ಹೊಲ ಅಗೆಯೋಕೆ ನಮ್ಮವ್ವ ಬರ್ತಿದ್ದಳು."

ಅಜ್ಜಿ ಗದ್ದ ಕೆರೆದುಕೊಂಡರು. "ಅಂಗಾರೆ ಪೂಜೆ ಜಾಗ್ಕೆ ಬ್ಯಾಡ ಕಣವ್ವ."

"ನಾನು ಒಳಗೆ ಬರಲ್ಲ. ನನಗೆ ಬೇಕಾಗಿರೋದು ನಿಮ್ಮ ಸೊಸೆಯ ಮೊಣಕೈ. ಅದು ಹೊಸಲಿಂದಾನೇ ಕಾಣುತ್ತೆ."

ಸೊಸೆ ಒಳಗಿಂದ ಕೇಳಿಸಿಕೊಂಡಿದ್ದಳು. ಹೊರಗೆ ಬಂದು, ಅತ್ತೆಯ ಮುಖ ನೋಡದೆ, ಪೂಜೆಗೆ ಕೂರುವ ಮಣೆಯನ್ನು ತಂದು ಜಗಲಿಯ ಮೇಲೆ ಹಾಕಿದಳು. "ಇಲ್ಲೇ ಕೂರ್ತೀನಿ. ಪೂಜೆ ಅಲ್ವಲ್ಲ ಇದು, ನಿಂಬೆಣ್ಣು. ಇಲ್ಲಿಗೂ ಬ್ಯಾಡ ಅಂದ್ರೆ ಬೀದೀಲಿ ಕೂರ್ತೀನಿ." ಆಮೇಲೆ ಅಜ್ಜಿ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ನೀರು ಪೇಪರ್ ಲೋಟದಲ್ಲೇ ಬಂತು. ನಾನು ಕುಡಿಯಲಿಲ್ಲ, ಕುಡಿಯದೆ ಇದ್ದದ್ದನ್ನು ಅವರು ನೋಡುವ ಹಾಗೆ ಲೋಟವನ್ನು ಅವರ ಎದುರಿಗೇ ಇಟ್ಟೆ.

ಆಕೆ ಚಕ್ಕಳಮಕ್ಕಳ ಹಾಕಿ ಕೂತಳು. ಎಡಗೈಯನ್ನು ಎದೆಯ ಮುಂದೆ ತಂದಳು. ತಂದ ಕೂಡಲೇ ಏನೋ ತಪ್ಪು ಮಾಡಿದವಳ ಹಾಗೆ ನನ್ನತ್ತ ನೋಡಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು. ಅಲ್ಲಿ ಇಲ್ಲದ ಟವೆಲ್‌ಗೆ ಹೆದರಿ. ಅಂಗೈ ಇಳಿಜಾರಾಯಿತು, ನಿಂಬೆಹಣ್ಣು ಉರುಳಿತು.

"ಮೊದಲು ಹೇಗೆ ಇಟ್ಕೋತಿದ್ರಿ? ನಾನು ಬೈಯೋ ಮುಂಚೆ, ಕೈ ಮುರಿಯೋ ಮುಂಚೆ?"

ಆಕೆ ಅನುಮಾನಿಸುತ್ತ ಮೊಣಕೈಯನ್ನು ಪಕ್ಕೆಯಿಂದ ಬಿಡಿಸಿ ಮುಂದಕ್ಕೆ, ಹೊಕ್ಕುಳಿನ ಕಡೆಗೆ ತಂದಳು. ನಾನು ನೋಡನೋಡುತ್ತಿದ್ದಂತೆ ಅಂಗೈ ಇನ್ನಷ್ಟು ಮಗುಚಿತು.

ಭುಜದ ಕಳ್ಳಾಟ! ಇಷ್ಟು ದಿನ ನಾನು ತಡೆದದ್ದು ಇದನ್ನೇ. ಭುಜದ ಕೀಲು ಒಂದು ಚೆಂಡು, ಅದು ಕೂರುವ ತಟ್ಟೆ ತೀರ ಆಳವಿಲ್ಲದ್ದು. ಮೈಯಲ್ಲಿ ಅದಕ್ಕಿರುವಷ್ಟು ಸ್ವಾತಂತ್ರ್ಯ ಇನ್ನಾವ ಕೀಲಿಗೂ ಇಲ್ಲ. ಮೊಣಕೈಯನ್ನು ಅದು ಮೈಯ ನಡುಗೆರೆಯ ಕಡೆಗೆ ತಂದರೆ ಇಡೀ ತೋಳು ವಾಲುತ್ತದೆ, ತೋಳಿನ ಜೊತೆಗೆ ಅಂಗೈಯೂ ವಾಲುತ್ತದೆ. ಮುಂಗೈಗೆ ಕೊಡಲಾಗದ್ದನ್ನು ಭುಜ ಕೊಡುತ್ತದೆ. ಪಾಠದಲ್ಲಿ ಅದಕ್ಕೆ ದೋಷ ಎಂದು ಹೆಸರು. ಅಳತೆ ಕೆಡುತ್ತದೆ, ನಿಜ. ಆದರೆ ಆಕೆ ನನ್ನ ಹತ್ತಿರ ಬಂದದ್ದು ಅಳತೆಗಲ್ಲ. ಇಷ್ಟು ಸಣ್ಣ ಮಾತು ತಿಳಿಯಲು ನಾನು ಹಂಗಳದ ಜಗಲಿಗೆ ಬರಬೇಕಾಯಿತು.

"ಟವೆಲ್ ಸುಟ್ಟುಹಾಕೋಣ" ಎಂದೆ. "ಇನ್ನು ಮೇಲೆ ಕಳ್ಳಾಟ ಆಡಿ. ಚೆನ್ನಾಗಿ ಆಡೋದನ್ನ ನಾನೇ ಹೇಳಿಕೊಡ್ತೀನಿ."

ಆಕೆ ಜಗಲಿ ಅದುರುವ ಹಾಗೆ ನಕ್ಕಳು. "ಇಷ್ಟ್ ದಿನ ಬೋದು ಬೋದು ಸಾಯಿಸ್ಬುಟ್ಟು, ಈಗ ಆಡು ಅಂತೀಯಲ್ಲಮ್ಮಿ!"

ಹೇಳಿದಷ್ಟು ಸುಲಭವಾಗಿರಲಿಲ್ಲ. ತೋಳನ್ನು ಹಾಗೆ ಮುಂದೆ ತಂದು ಎತ್ತಿ ಹಿಡಿದರೆ ಭುಜ ಬೇಗ ಸೋಲುತ್ತಿತ್ತು, ಸೋತ ಕೈ ನಡುಗುತ್ತಿತ್ತು, ನಡುಗುವ ಅಂಗೈಯಲ್ಲಿ ಏನೂ ನಿಲ್ಲದು. ಜೊತೆಗೆ ಹೆದರಿಕೆ. ನಿಂಬೆಹಣ್ಣು ನಿಂತರೂ, ಅದರ ಜಾಗದಲ್ಲಿ ಲಿಂಗವನ್ನು ನೆನೆದ ಕೂಡಲೇ ಆಕೆಯ ತೋಳಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದು ಕೈ ತನ್ನಷ್ಟಕ್ಕೆ ಒಳಕ್ಕೆ ತಿರುಗುತ್ತಿತ್ತು. ಅದಕ್ಕೆ ಎರಡು ಕೆಲಸ ಮಾಡಿದೆವು. ಎಡ ಮಂಡಿಯನ್ನು ಎತ್ತಿ ಮಡಚಿ, ಅದರ ಒಳಬದಿಗೆ ಮೊಣಕೈಯನ್ನು ಆನಿಸಿದೆವು, ತೋಳಿನ ಭಾರವನ್ನು ಕಾಲು ಹೊತ್ತುಕೊಂಡಿತು. ಭುಜಕ್ಕೆ ರಬ್ಬರ್ ಪಟ್ಟಿ ಕಟ್ಟಿ ಬಲ ಬರುವ ವ್ಯಾಯಾಮ ಕೊಟ್ಟೆ. ನಿಂಬೆಹಣ್ಣು ಹೋಗಿ ಗೋಲಿ ಬಂತು, ಗೋಲಿ ಹೋಗಿ ನೀರು ಬಂತು. ಅಂಗೈಯಲ್ಲಿ ನೀರು ನಿಲ್ಲಿಸಿಕೊಂಡು ಉಸಿರಾಡುತ್ತ ಕೂರಬೇಕು. ಮೊದಮೊದಲು ಸೀರೆಯೆಲ್ಲ ಒದ್ದೆ. ಪಕ್ಕದ ಮಂಚಕ್ಕೆ ಯಾರೇ ಬಂದರೂ ಆಕೆಯ ನೀರಿಗೆ ಕಾವಲು ಕೂರುತ್ತಿದ್ದರು, ಚೆಲ್ಲಿದರೆ ಅವರಿಗೇ ಸಂಕಟ.

ಡಾಕ್ಟರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು. "ಇದು ಕಾಂಪೆನ್ಸೇಷನ್, ತಿರುಗ್ತಿರೋದು ಭುಜ. ಮುಂಗೈ ಅಷ್ಟೇ ಇದೆ" ಎಂದರು.

"ಹೌದು ಸರ್. ಆದರೆ ನೀರು ನಿಂತಿದೆ."

ಅವರು ನೀರು ನೋಡಿದರು, ನನ್ನನ್ನು ನೋಡಿದರು. "ನಿಂತಿದೆ" ಎಂದು ಒಪ್ಪಿಕೊಂಡು ಹೋದರು.

ಅದಾದ ಮೇಲೆ ಆಕೆ ಬರುವುದನ್ನು ನಿಲ್ಲಿಸಿದಳು. ಒಂದು ವಾರ ಸುದ್ದಿಯಿಲ್ಲ. ಲಿಂಗ ಮತ್ತೆ ಬಿತ್ತೇನೋ, ಮತ್ತೆ ಗಂಡ ತಿರುವಿದನೇನೋ ಎಂದು ನನಗೆ ನಿದ್ದೆ ಬರಲಿಲ್ಲ. ಕಡೆಗೆ ಒಂದು ಬೆಳಿಗ್ಗೆ ನಾನೇ ಹಂಗಳದ ಬಸ್ಸು ಹತ್ತಿದೆ.

ಜಗಲಿಯಲ್ಲಿ ಅಜ್ಜಿ ಇದ್ದರು. ಡೈರಿಗೆ ಹಾಲು ಒಯ್ಯುವ ಹೊತ್ತು. "ಅಮ್ಮೀ! ಆಲಿನ ಕ್ಯಾನು ಎಲ್ಲಿ ಮಡ್ಗಿದ್ದೀಯೆ?" ಎಂದು ಒಳಗೆ ಕೂಗುತ್ತಿದ್ದರು. ಉತ್ತರವಿಲ್ಲ. "ಅಮ್ಮೀ, ಒಲೆ ಮ್ಯಾಲೆ ಅದೇನೋ ಉಕ್ತಾದೆ!" ಉತ್ತರವಿಲ್ಲ. ಗಂಡ ಬೈಕಿನ ಕೀ ಹುಡುಕುತ್ತ ಹೊರಗೆ ಬಂದು, ಮುಚ್ಚಿದ ಪೂಜೆಯ ಬಾಗಿಲಿನ ಹತ್ತಿರ ನಿಂತು ಒಂದು ಸಲ ಕೆಮ್ಮಿದ. ಆಮೇಲೆ ತಾನೇ ಹೋಗಿ ಒಲೆ ಆರಿಸಿದ, ಕ್ಯಾನು ಹುಡುಕಿ ತಂದ.

ನನಗೆ ಓಪಿಡಿಗೆ ಹೊತ್ತಾಗುತ್ತಿತ್ತು. ಹೊಸಲಾಚೆಗೇ ನಿಂತು ಕೂಗಿದೆ. "ಅಮ್ಮಾ, ನಾನು ಬಂದಿದ್ದೀನಿ! ಕೈ ಹೇಗಿದೆ?"

ಕಾದೆ. ಇನ್ನೊಮ್ಮೆ ಕೂಗಿದೆ. ಒಳಗಿನಿಂದ ಒಂದು ಬಳೆಯ ಸದ್ದೂ ಬರಲಿಲ್ಲ. ನನಗೂ ಆಕೆ ಓ ಅನ್ನಲಿಲ್ಲ.

"ಬ್ಯಾಸರ ಮಾಡ್ಕಬ್ಯಾಡಿ ಮೇಡಂ" ಎಂದ ಗಂಡ, ನಾಚಿಕೊಂಡು. "ಈ ವಾರ್ವೆಲ್ಲ ಇಂಗೆಯ. ಯಾರ್ ಕೂಗುದ್ರೂ ಅಷ್ಟೆಯ."

ಬೇಸರವೇ? ನಾನು ಬಸ್‌ಸ್ಟಾಪಿಗೆ ನಗುತ್ತ ಓಡಿದೆ.